ಒಂದೇ ಆಟೋದಲ್ಲಿ ಬಂದರೆ ರಾಜಿಯಲ್ಲವೇ?

ಮಾನ್ಯ ಕಾರ್ಮಿಕ ಸಂಧಾನಾಧಿಕಾರಿಗಳೇ,

ರಾಜಿಯಾಗಿಹೋದ ಜಗಳವೊಂದನ್ನು ನೀವು ಮುಗಿಯಲು ಬಿಡುತ್ತಿಲ್ಲ. ಇದೇ ನನ್ನ ದೂರು. ನಿಮ್ಮೆದುರು ತೆಲುಗಿನಲ್ಲಿ ಹೇಳಿ ಸೋತೆ. ಈಗ ನನ್ನ ಕನ್ನಡದಲ್ಲೇ, ಪತ್ರಿಕೆಯಲ್ಲಿ ನಾಲ್ಕು ಜನ ಓದಲೆಂದು ಬರೆಯುತ್ತಿದ್ದೇನೆ.

ಉಪ್ಪಲ್‌ನಲ್ಲಿ ನನ್ನದೊಂದು ಜೋಳದ ರೊಟ್ಟಿ ಕೇಂದ್ರವಿದೆ. ದುಡಿಯಲು ಈ ತೆಲುಗು ಊರಿಗೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳು ಕೂತು ರೊಟ್ಟಿ ಬಡಿಯುತ್ತಾರೆ. ಹೊಸ ಕಾರ್ಮಿಕ ಸಂಹಿತೆ ಬಂತು, ಎಲ್ಲರಿಗೂ ನೇಮಕಾತಿ ಪತ್ರ ಕೊಡಿ ಎಂದಿರಿ, ಕೊಟ್ಟೆ. ಒಳ್ಳೆಯ ಕಾನೂನೇ. ಆಮೇಲೆ ರೊಟ್ಟಿ ಮಾಡುವ ಮಷೀನು ತಂದೆ. ಅವರಲ್ಲೊಬ್ಬಳಾದ ಶಿವದೇವಿಗೆ, ಹಂಚು ಬಿಟ್ಟು ಪ್ಯಾಕಿಂಗ್ ನೋಡು ಎಂದೆ. "ಮಷೀನ್ ರೊಟ್ಟಿ ನಿಮ್ಮ ಮಷೀನೇ ತಿನ್ಲಿ ಬಿಡ್ರಿ, ಅವ್ವಾರ" ಎಂದಳು. ಸಿಟ್ಟಿನಲ್ಲಿ ಕೆಲಸದಿಂದ ತೆಗೆದೆ. ಅವಳು ನಿಮ್ಮಲ್ಲಿ ದೂರು ಕೊಟ್ಟಳು. ಆ ಹಕ್ಕು ಅವಳಿಗಿತ್ತು.

ನಮ್ಮಲ್ಲಿ ಜಗಳವಾದರೆ ದೊಡ್ಡವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮುನಿದವರ ಮನೆಗೆ ಹೋಗುವುದು ರೂಢಿ. ಹೋದೆ. ಶಿವದೇವಿ ರೊಟ್ಟಿ ಮುರಿದು ನೋಡಿ, "ಮಷೀನಿಂದು ತರಲಿಲ್ಲಲ್ರಿ, ಪುಣ್ಯಾ ಬಂತು ನಿಮಗ" ಎಂದು ನಕ್ಕಳು. ಅವಳು ಕೆಲಸಕ್ಕೆ ಮರಳುವುದು, ಹಂಚು ಅವಳದೇ ಎಂದು ಮಾತಾಯಿತು.

ರಾಜಿ ಬರೆಸಲು ಒಂದೇ ಆಟೋದಲ್ಲಿ ನಿಮ್ಮ ಕಚೇರಿಗೆ ಬಂದೆವು. ನೀವು ಕಿಟಕಿಯಿಂದ ಕಂಡು, ಮಾಲಕಿಯೇ ಕರೆತಂದಿದ್ದಾಳೆ, ಇದು ಒತ್ತಡದ ರಾಜಿ ಎಂದು ಮುಂದೂಡಿದಿರಿ. "ಬಸ್ಸಿನ್ಯಾಗ ನಿಂತ್ರ ಮೊಣಕಾಲು ಹಿಡಕೋತಾವ್ರಿ ಸಾಹೇಬ್ರ, ಅದಕ್ಕ ಆಟೋ" ಎಂದಳು. ಅವಳಿಗೆ ತೆಲುಗು ಬಾರದು, ಅದನ್ನು ನಾನು ತೆಲುಗಿನಲ್ಲಿ ನಿಮಗೆ ಹೇಳಿದೆ. ಅದೂ ಒತ್ತಡವಾಯಿತು!

ಮುಂದಿನ ಸಲ ಬೇರೆ ಬೇರೆ ಬಂದು, ಬೇರೆ ಬೆಂಚಿನಲ್ಲಿ ಕೂತೆವು. ಮಾತೇ ಇಲ್ಲದವರ ನಡುವೆ ರಾಜಿ ಎಲ್ಲಿಂದ ಬಂತು ಎಂದು ಮತ್ತೆ ಮುಂದೂಡಿದಿರಿ. ಸ್ವಾಮಿ, ಎಷ್ಟು ದೂರ ಕೂತರೆ ನಿಮಗೆ ನಂಬಿಕೆ ಬರುತ್ತದೆ? ನನಗಂತೂ ದಣಿವಾಗಿದೆ.

ಕಡತ ಮುಗಿಯುವ ತನಕ ಅವಳನ್ನು ಕೆಲಸಕ್ಕೆ ಕೂರಿಸಬೇಡಿ ಎಂದು ನಿಮ್ಮ ಗುಮಾಸ್ತರ ತಾಕೀತು. ಹೀಗಾಗಿ ಆ ಮೊಣಕಾಲಿನಲ್ಲೇ ಅವಳು ಕೊಂಡಾಪುರದ ಅಪಾರ್ಟ್‌ಮೆಂಟೊಂದರ ಮೆಟ್ಟಿಲು ಒರೆಸುತ್ತಿದ್ದಾಳೆ. ತಿಂಗಳ ಕೊನೆಗೆ ವರ್ಷದ ಕರಾರಿಗೆ ಸಹಿ ಹಾಕು ಎನ್ನುತ್ತಿದ್ದಾನೆ ಅಲ್ಲಿನ ಗುತ್ತಿಗೆದಾರ. ಹಾಕಿದಳೆಂದರೆ ಹಂಚಿಗೆ ಮರಳುವ ಮಾತು ಮುಗಿಯಿತು. ನನ್ನಂಥ ಮಾಲೀಕರಿಂದ ಅವಳನ್ನು ಕಾಯುವುದು ನಿಮ್ಮ ಕೆಲಸ, ಒಪ್ಪಿದೆ. ನಿಮ್ಮಿಂದ ಅವಳನ್ನು ಕಾಯುವವರು ಯಾರು?

ತಿಂಗಳು ಮುಗಿಯುವ ಮೊದಲು ಅವಳೊಬ್ಬಳನ್ನೇ ಒಳಗೆ ಕರೆದು ಕೇಳಿ. ಕನ್ನಡ ಬಲ್ಲ ನಿಮ್ಮವರೇ ಯಾರಾದರೂ ಜೊತೆಗಿರಲಿ. ನಾನು ಗೇಟಿನ ಹೊರಗೆ ನಿಂತಿರುತ್ತೇನೆ. ಅವಳು ಹೂಂ ಎಂದರೆ ಅದೇ ದಿನ ರಾಜಿಗೆ ಸಹಿ ಹಾಕಿಸಿ. ಮರಳುವಾಗ ಮಾತ್ರ ನಾವು ಒಂದೇ ಆಟೋ ಹತ್ತುತ್ತೇವೆ. ಆಗ ದಯವಿಟ್ಟು ಕಿಟಕಿ ಹಾಕಿಕೊಳ್ಳಿ.

ಇಂತಿ,
ನಿಮ್ಮ ಕಡತದ ಪ್ರಕಾರ ಶಿವದೇವಿಯ ಎದುರುಪಕ್ಷ,
ಸಾವಿತ್ರಿಬಾಯಿ, ಉಪ್ಪಲ್