ಸ್ಟಿಯರಿಂಗ್ ಹಿಡಿಯುವ ಸೊಸೆಗೆ

ಮಗಳೇ,

ನೀನು ಏಳುವ ಹೊತ್ತಿಗೆ ನಾನು ರೈಲಿನಲ್ಲಿರುತ್ತೇನೆ. ನೀನೂ ಮಾವನೂ ನಮ್ಮ ಬಸ್ಸಿನಲ್ಲಿ ಬನ್ನಿ, ಶುಕ್ರವಾರ ನಮ್ಮಕ್ಕನ ಮನೆಯಲ್ಲಿ ಸಿಗೋಣ. ಫ್ಲಾಸ್ಕಿನಲ್ಲಿ ಚಹಾ ಇದೆ.

ಹಳೇ ಬಸ್ಸನ್ನು ಮನೆ ಮಾಡಿಕೊಂಡು ಎರಡು ವರ್ಷ ಸುತ್ತಿ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ಹೊರಡುವ ಮುಂಚೆ ಗ್ಯಾಸ್ ಬಂದ್ ಮಾಡು. ಕಪಾಟಿನ ಚಿಲಕ ಎರಡು ಸಲ ನೋಡು. ಮೊದಲ ತಿರುವಿನಲ್ಲೇ ಸಕ್ಕರೆ ಡಬ್ಬಿ ನನ್ನ ತಲೆಯ ಮೇಲೆ ಬಿದ್ದಿತ್ತು. ಮಲಗುವ ಜಾಗದಲ್ಲಿ ಬಸ್ಸು ವಾಲಿದೆಯೇ ಎಂದು ಲೋಟದಲ್ಲಿ ನೀರಿಟ್ಟು ನೋಡು.

ಬಸ್ ಸ್ಟಾಪ್ ಕಂಡರೆ ಮಾವ "ನಿಲ್ಲಿಸಮ್ಮಾ" ಅಂದೇ ಅನ್ನುತ್ತಾರೆ, ಮೂವತ್ತು ವರ್ಷದ ಡ್ರೈವರ್ ಕೆಲಸದ ಅಭ್ಯಾಸ. ಒಮ್ಮೆ ಅವರು ಹಾಗೆ ನಿಲ್ಲಿಸಿದ್ದಕ್ಕೆ ಅಜ್ಜಿಯೊಬ್ಬರು ಹತ್ತಿ, ನಮ್ಮ ಹಾಸಿಗೆಯ ಮೇಲೆ ಕೂತು, "ಟಿಕೆಟ್ ಎಷ್ಟಪ್ಪಾ?" ಅಂದರು. ಮಾವ ಅವರನ್ನು ಮನೆ ಬಾಗಿಲಿಗೇ ಬಿಟ್ಟುಬಂದರು. ಅದಕ್ಕೇ ಹೇಳುತ್ತಿದ್ದೇನೆ, ಅವರು ಹಾಗೆ ಅಂದಾಗ ರೇಗಬೇಡ.

ಇನ್ನು ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದಾಗಿನಿಂದ ಅವರು ದಿನಾ ಸ್ಟಿಯರಿಂಗ್ ಒರೆಸಿ ಬಂದು ಸುಮ್ಮನೆ ಕೂರುತ್ತಾರೆ. ನಿನ್ನೆ "ಇನ್ಮೇಲೆ ನಾನೂ ಲಗೇಜೇ ಬಿಡು" ಅಂದರು. ದಾರಿಯಲ್ಲಿ ಯಾವ ಗೇರು ಹಾಕಲಿ ಎಂದು ಕೇಳು, ಗೊತ್ತಿದ್ದರೂ ಕೇಳು. ಹಿಂದಕ್ಕೆ ತೆಗೆಯುವಾಗ ಮಾತ್ರ ನಿನ್ನ ಕಣ್ಣನ್ನೇ ನಂಬು.

ಮೊಣಕಾಲು ನೋವಿಗೆ ರೈಲೇ ಸುಖ ಎಂದು ಅವರಿಗೆ ಹೇಳಿದ್ದೇನೆ. ನಿಜ ನಿನಗಿರಲಿ, ಓದಿ ಹರಿದುಹಾಕು. ನಾನು ಜೊತೆಗಿದ್ದರೆ ಅವರು ಸ್ಟಿಯರಿಂಗ್ ಬಿಟ್ಟುಕೊಟ್ಟ ಡ್ರೈವರು. ನಿನ್ನೊಬ್ಬಳ ಜೊತೆಗಾದರೆ ಮೇಷ್ಟ್ರು.

ಅತ್ತೆ