ಗಾಳಿಯಲ್ಲಿ ನಿಂತ ಕತ್ತರಿ

ಅಪ್ಪಾ,

ಕೂದಲು ಕತ್ತರಿಸುತ್ತಿದ್ದ ಹಾಗೇ ನಿನ್ನ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತಲ್ಲ, "ಮಾಸ್ಟರ್ ಯೋಚನೆ ಮಾಡ್ತಿದಾರೆ, ಸುಮ್ನಿರಿ" ಎಂದು ಗಿರಾಕಿಗಳು ಕತ್ತು ಅಲುಗಿಸದೆ ಕಾಯುತ್ತಿದ್ದರು. ಹೋದ ವಾರ ಅದೇ ಕುರ್ಚಿಯ ಹಿಂದೆ ನನ್ನ ಕೈಯೂ ಹಾಗೇ ನಿಂತಿತು. ತಲೆಯಲ್ಲಿ ನಾಲ್ಕೇ ಕೂದಲಿರುವ ನಿನ್ನ ಹಳೇ ಗಿರಾಕಿ ಕನ್ನಡಿಯಲ್ಲಿ ನೋಡಿ ನಕ್ಕ: "ಅಪ್ಪನ ಮಗಳೇ ಬಿಡಮ್ಮ ನೀನು!"

ಇವತ್ತು ಸ್ಕ್ಯಾನ್ ನೋಡಿ ಡಾಕ್ಟರೂ ಅದನ್ನೇ ಹೇಳಿದರು. ಮಿದುಳಿನಲ್ಲಿ ರಕ್ತನಾಳಗಳು ಹಿಪ್ಪುನೇರಳೆ ಹಣ್ಣಿನ ಹಾಗೆ ಗೊಂಚಲಾಗಿವೆಯಂತೆ, ವಂಶದಲ್ಲಿ ಬರುವುದೂ ಉಂಟಂತೆ. ಕೈ ನಿಲ್ಲುವುದೂ ಒಂದು ಬಗೆಯ ಫಿಟ್ಸಂತೆ. ಸದ್ಯಕ್ಕೆ ಆಪರೇಷನ್ ಬೇಡ, ಮಾತ್ರೆ ಸಾಕು, ವರ್ಷಕ್ಕೊಮ್ಮೆ ಸ್ಕ್ಯಾನ್.

"ನಿಮ್ಮ ತಂದೆ ತಲೆಯಲ್ಲಿ ರಕ್ತಸ್ರಾವ ಆಗಿ ತೀರಿಕೊಂಡ್ರಲ್ಲ, ಅದಕ್ಕೆ ಮುಂಚೆ ಏನೂ ತೊಂದ್ರೆ ಇರ್ಲಿಲ್ವಾ?" ಎಂದು ಕೇಳಿದರು.

"ಯೋಚನೆ ಮಾಡ್ತಿದ್ರು, ಡಾಕ್ಟ್ರೇ," ಎಂದೆ.