ಐತ ಮಾವನ ಕಲ್ಲುಗಳು

ಮಂಗಳವಾರ, ೧೪ ಅಕ್ಟೋಬರ್ ೨೦೨೫

ಅನ್ನ ಸೇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲವೆಂದು ಮಧ್ಯಾಹ್ನ ಸಮುದ್ರದ ನಕ್ಷೆಯ ಆ್ಯಪನ್ನು ಕಿತ್ತುಹಾಕಿದೆ. ಲಿನಕ್ಸಿಗೆ ಫ್ಲ್ಯಾಟ್‌ಪ್ಯಾಕ್ ಆಗಿ, ಅಂದರೆ ಬೇಕಾದ ಸಾಮಾನನ್ನೆಲ್ಲ ತಾನೇ ಕಟ್ಟಿಕೊಂಡು ಬಂದದ್ದು. ಒಂದು ಬಂಗುಡೆ ಮೀನಿಗೆ ಒಂದು ಲಾರಿ ಐಸ್ ಹಾಕಿದ ಹಾಗೆ, ಇಷ್ಟೇ ಇಷ್ಟು ಆ್ಯಪಿಗೆ ಎರಡು ಜಿಬಿ ಸಾಮಾನು! ಡೇಟಾವನ್ನೂ ಅಳಿಸಲೇ ಎಂದು ಕೇಳಿತು. ಸಿಟ್ಟಿನಲ್ಲಿ ಹೌದು ಎಂದೆ.

ಮೀನಿನ ಬೋಟು ನಡೆಸುವ ಐತ ಮಾವನ ಕಲ್ಲುಗಳೆಲ್ಲ ಅದರಲ್ಲೇ ಇದ್ದವು. ಸಮುದ್ರದಡಿ ಎಲ್ಲೆಲ್ಲಿ ಕಲ್ಲಿಗೆ ಸಿಕ್ಕಿ ಬಲೆ ಹರಿದುಹೋಗುತ್ತದೆ ಎಂಬ ಮೂವತ್ತು ವರ್ಷದ ಗುರುತು. ಬೇರೆ ಬೋಟಿನವರಿಗೆ ಸಿಕ್ಕೀತೆಂದು ಇನ್ನೊಂದು ಪ್ರತಿ ಮಾಡಲು ಬಿಟ್ಟಿರಲಿಲ್ಲ ಅವರು.

ಸಂಜೆ ಗಂಗೊಳ್ಳಿಯಿಂದ ಅವರದ್ದೇ ಫೋನ್. "ಬೋಟಿಗೆ ಹೊಸ ಜಿಪಿಎಸ್ ಹಾಕ್ಸಿದೆ ಮಗಾ. ನಾಳೆ ಬತ್ತೆ, ಗುರ್ತ್ ಎಲ್ಲ ಕೊಡ್. ಗುರ್ತ್ ಬರ್ದ ಹಳೇ ಪುಸ್ತಕ ಸುಟ್ಟ್ ಹಾಕ್ದೆ, ನಿನ್ ಹತ್ರ ಇತ್ತಲ್ದಾ?"

ನಮ್ಮ ಕಡೆ 'ಇತ್ತ್' ಅಂದರೆ 'ಇದೆ' ಎಂದೇ ಅರ್ಥ. "ಇತ್ತ್ ಮಾವ" ಅಂದುಬಿಟ್ಟೆ.